ಕದ್ದ ಪ್ರತಿ, ಕೊಟ್ಟ ಪ್ರತಿ

ಪೊನ್ನನ ಶಾಂತಿಪುರಾಣವು ಅಳಿದುಹೋಗಬಾರದೆಂದು ದಾನಚಿಂತಾಮಣಿ ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಬಲ್ಲವರಿಗೆಲ್ಲ ತಿಳಿದ ಸಂಗತಿ. ಆ ಕಾರ್ಯಕ್ಕೆ ಹಿರಿಯರು ಇಟ್ಟ ಹೆಸರು ಶಾಸ್ತ್ರದಾನ. ಇಂದು ನಮ್ಮ ಕಾಲೇಜಿನ ಹುಡುಗನೊಬ್ಬನು ಗೆಳೆಯನ ಗಣಕಯಂತ್ರದಿಂದ ಬೆಲೆಯುಳ್ಳ ತಂತ್ರಾಂಶವೊಂದರ ಪ್ರತಿ ಮಾಡಿಕೊಂಡರೆ, ಅದಕ್ಕೆ ಕಾನೂನು ಇಟ್ಟಿರುವ ಹೆಸರು ಅಪರಾಧ. ಕ್ರಿಯೆ ಒಂದೇ, ಒಮ್ಮೆ ಪುಣ್ಯ, ಒಮ್ಮೆ ಪಾತಕ. ಇದು ಹೇಗೆಂದು ತರಗತಿಯಲ್ಲಿ ನಾಗಮಂಗಲದ ಕಡೆಯ ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ಕುಚೋದ್ಯದ್ದಲ್ಲ, ಉತ್ತರವೂ ಅಷ್ಟು ಸುಲಭದ್ದಲ್ಲ.

ನಾನು ಕನ್ನಡ ಕಲಿಸುವವನು, ಯಂತ್ರವಿದ್ಯೆ ನನ್ನದಲ್ಲ. ಆದರೆ ಪರೀಕ್ಷೆ, ಸಾಹಿತ್ಯಗೋಷ್ಠಿ, ಸ್ಮರಣಸಂಚಿಕೆ ಎಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನಡುವೆ ಬಸ್ಸಿನಲ್ಲಿ ಓಡಾಡುವವನಿಗೆ ಒಂದು ಬಗೆಯ ಅಂಗಡಿಯ ಪರಿಚಯ ತಪ್ಪದು. ಬಸ್ ನಿಲ್ದಾಣದ ಮಗ್ಗುಲಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಒಂದು ಗಣಕಯಂತ್ರ. ಅದರ ಮುಂದೆ ಒಬ್ಬ ತರುಣ, ಇಲ್ಲವೆ ಒಬ್ಬ ಹೆಣ್ಣುಮಗಳು. ಲಗ್ನಪತ್ರಿಕೆ, ತಿಥಿಯ ಕಾಗದ, ತಾಲ್ಲೂಕು ಕಚೇರಿಯ ಅರ್ಜಿ, ಊರ ಕವಿಯ ಮೊದಲ ಸಂಕಲನ ಎಲ್ಲವೂ ಹುಟ್ಟುವುದು ಅಲ್ಲಿಯೇ. ನಮ್ಮ ಸೀಮೆಯ ಸಾಹಿತ್ಯದ ಹೆರಿಗೆಮನೆ ಎಂದರೂ ಸಲ್ಲುತ್ತದೆ. ಪಾಂಡವಪುರದ ಅಂಥ ಅಂಗಡಿಯೊಂದರಲ್ಲಿ, ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಎಷ್ಟು ಬೆಲೆ ಕೊಟ್ಟಿರೆಂದು ವಿಚಾರಿಸಿದೆ. “ಬೆಲೆ ಎಂಥದು ಸಾ, ಮಿಷಿನ್ ತಂದಾಗ್ಲೆ ಹಾಕ್ಕೊಟ್ಟವ್ರೆ” ಎಂದು ಉತ್ತರ ಬಂತು. ಮಾತಿನಲ್ಲಿ ಸುಳ್ಳಿಲ್ಲ, ಸಂಕೋಚವೂ ಇಲ್ಲ. ಅಂದಹಾಗೆ, ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯೇ ಆ ತಂತ್ರಾಂಶದ ಕೊನೆಯದು. ಅದನ್ನು ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟು ವರ್ಷಗಳು ಸಂದಿವೆ.

೧೯೫೭ರ ಕೃತಿಸ್ವಾಮ್ಯದ ಕಾಯಿದೆಗೆ ೧೯೯೪ರಲ್ಲಿ ಒಂದು ಕಲಮು ಸೇರಿತು. ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವವನಿಗೆ ಏಳು ದಿನಕ್ಕೆ ಕಡಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ. ೫೦,೦೦೦ ರೂಪಾಯಿಗೆ ಕಡಮೆಯಿಲ್ಲದ, ಎರಡು ಲಕ್ಷದವರೆಗಿನ ದಂಡ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದರೆ ನ್ಯಾಯಾಲಯವು ಸೆರೆಯನ್ನು ಬಿಟ್ಟು ೫೦,೦೦೦ ರೂಪಾಯಿಯವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಇದನ್ನು ಹೆದರಿಸುವುದಕ್ಕಾಗಿ ಬರೆದುದಲ್ಲ. ಕಬ್ಬಿನ ಹಣ ಕೈಗೆ ಬರುವವರೆಗೆ ಮಗನ ಪರೀಕ್ಷೆಯ ಶುಲ್ಕಕ್ಕೇ ಕಾಯುವ ಮನೆಗಳು ನಮ್ಮಲ್ಲಿ ಉಂಟು. ಅಂಥ ಮನೆಯ ಹುಡುಗನನ್ನು ಕಳ್ಳನೆಂದು ಕರೆಯಲು ನನ್ನ ನಾಲಗೆ ಏಳದು.

ಆದರೆ ಆ ಹುಡುಗನು ಯಾರನ್ನು ವಂಚಿಸಿದೆನೆಂದುಕೊಂಡಿದ್ದಾನೋ ಅವರು ನಿಜವಾಗಿ ವಂಚಿತರಾದರೆ? ೧೯೯೮ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಚೀನಾದೇಶದ ಕಳ್ಳಪ್ರತಿಗಳ ವಿಚಾರವಾಗಿ ಹೇಳಿದ ಮಾತಿನ ತಾತ್ಪರ್ಯ ಇದು: ಹೇಗೂ ಕದಿಯುವವರು ನಮ್ಮದನ್ನೇ ಕದಿಯಲಿ; ಚಟ ಹತ್ತಲಿ; ಮುಂದೆ ವಸೂಲು ಮಾಡುವ ದಾರಿಯನ್ನು ಕಂಡುಕೊಂಡೇವು. ೧೯೭೬ರಲ್ಲಿ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ಪ್ರತಿ ಮಾಡಿಕೊಳ್ಳುವವರನ್ನು ಕಳ್ಳರೆಂದು ಜರೆದ ಮಹಾಶಯರೂ ಇವರೇ. ಇಪ್ಪತ್ತೆರಡು ವರ್ಷಗಳಲ್ಲಿ ವ್ಯಾಪಾರದ ಜಾಣ್ಮೆ ಬಲಿತಿತ್ತೆನ್ನಬೇಕು.

ಈ ಚಟದ ಬೆಲೆಯನ್ನು ಕನ್ನಡವು ಬೇರೆ ನಾಣ್ಯದಲ್ಲಿ ತೆತ್ತಿದೆ. ಕೃಷ್ಣರಾಜಪೇಟೆಯ ಕಡೆಯ ನಿವೃತ್ತ ಮೇಷ್ಟರೊಬ್ಬರು ಹಳ್ಳಿಹಳ್ಳಿ ತಿರುಗಿ ಕೂಡಿಸಿದ್ದ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಬಹಳ ಹಿಂದೆ ಒಂದು ಅಂಗಡಿಯಲ್ಲಿ ಅಕ್ಷರ ಜೋಡಿಸಿದ್ದರು. ಅಚ್ಚಿಗೆ ಹಣ ಒದಗಲಿಲ್ಲ. ಹಸ್ತಪ್ರತಿಯನ್ನು ಗೆದ್ದಲು ತಿಂದಿತು. ಉಳಿದದ್ದು ಒಂದು ಸೀಡಿ. ಈಚೆಗೆ ಅದನ್ನು ತೆರೆಯಹೋದರೆ ಪೇಜ್‌ಮೇಕರ್ ಕಡತ ಹೊಸ ಯಂತ್ರದಲ್ಲಿ ತೆರೆಯದು. ಹೇಗೋ ಹೊರಗೆಳೆದ ಸಾಲುಗಳಲ್ಲಿ ಕನ್ನಡವಿಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಹಿಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದುವು; ಫಾಂಟು ಹೋದರೆ ಭಾಷೆಯೂ ಹೋಯಿತು. ಜಗತ್ತಿನ ಲಿಪಿಗಳಿಗೆಲ್ಲ ಸ್ಥಿರವಾದ ಸಂಖ್ಯೆಗಳನ್ನು ಕೊಟ್ಟ ಯೂನಿಕೋಡ್ ೧೯೯೧ರಲ್ಲಿಯೇ ಕನ್ನಡಕ್ಕೂ ಸ್ಥಾನ ಕೊಟ್ಟಿತ್ತು. ಪೇಜ್‌ಮೇಕರ್ ಅದನ್ನು ಅರಿಯದು. ಇದು ಕಳ್ಳಪ್ರತಿಯೊಂದರದೇ ದೋಷವಲ್ಲ, ಕೊಂಡ ಪ್ರತಿಗೂ ಈ ತೊಡಕು ಉಂಟು. ಆದರೆ ಕೊಂಡವನು ಕೇಳಬಲ್ಲ. ಕದ್ದವನು ಯಾರನ್ನು ಕೇಳಿಯಾನು?

ಪದಗಳನ್ನು ಉಳಿಸಿದವನು ಪ್ರಶ್ನೆ ಕೇಳಿದ ಆ ನಾಗಮಂಗಲದ ಹುಡುಗನೇ. ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶಕ್ಕೆ ೨೦೧೫ರಿಂದ ಪೇಜ್‌ಮೇಕರ್ ಕಡತವನ್ನು ಓದುವ ಶಕ್ತಿ ಬಂದಿದೆ. ಕೆಲವರು ಆ ಹಳೆಯ ಕಡತದ ಗುಟ್ಟನ್ನು ಬಿಡಿಸಿ ಲೋಕಕ್ಕೆ ಕೊಟ್ಟರು. ಅದರಲ್ಲಿ ತೆರೆದಾಗ ಪುಟಗಳು ಚದುರಿದುವು, ಅಕ್ಷರಗಳು ಉಳಿದುವು. ನುಡಿ, ಬರಹಗಳ ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವೊಂದನ್ನು ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಬಿಟ್ಟಿದ್ದಾರೆ; ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಅವರವೇ. ಎರಡನ್ನೂ ಬಳಸಿ ಹುಡುಗ ಹದಿನೈದು ದಿನ ಕುಳಿತ. ಅರ್ಕಾವೊತ್ತು, ದೀರ್ಘ ತಪ್ಪಿದ ಕಡೆಗಳಲ್ಲಿ ನಾನು ಕೈಯಿಂದ ತಿದ್ದಿದೆ. ನನ್ನ ವಿದ್ಯೆಗೂ ಅಲ್ಲಿ ಒಂದಿಷ್ಟು ಕೆಲಸ ಸಿಕ್ಕಿತು.

ಇಂಗ್ಲಿಷಿನಲ್ಲಿ ಬಿಡಿಗಾಸಿಲ್ಲದೆ ದೊರೆತದ್ದಕ್ಕೂ ಸ್ವಾತಂತ್ರ್ಯವುಳ್ಳದ್ದಕ್ಕೂ ಒಂದೇ ಶಬ್ದ. ಅದರಿಂದ ಅವರಿಗೆ ಅರ್ಥ ವಿವರಿಸುವುದೇ ಒಂದು ಕಷ್ಟ. ನಮ್ಮಲ್ಲಿ ‘ಉಚಿತ’ ಬೇರೆ, ‘ಸ್ವತಂತ್ರ’ ಬೇರೆ. ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್‌ಮನ್ ಬಯಸಿದ್ದು ಎರಡನೆಯದನ್ನು. ತಂತ್ರಾಂಶವನ್ನು ಬೇಕಾದುದಕ್ಕೆ ಬಳಸಬಹುದು, ಒಳಗನ್ನು ಬಿಚ್ಚಿ ಓದಬಹುದು, ತಿದ್ದಬಹುದು, ತಿದ್ದಿದುದನ್ನೂ ಹಂಚಬಹುದು. ೧೯೮೯ರಲ್ಲಿ ಹೊರಟ ಅವರ ಪರವಾನಗಿಯು ಕೃತಿಸ್ವಾಮ್ಯದ ಕಾನೂನನ್ನೇ ಆಧಾರ ಮಾಡಿಕೊಂಡು, ಹೀಗೆ ಪಡೆದವನು ತಾನು ಹಂಚುವಾಗ ಅದೇ ಹಕ್ಕನ್ನು ಇನ್ನೊಬ್ಬನಿಗೂ ಕೊಡಬೇಕೆಂದು ಕಟ್ಟುಮಾಡಿತು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್, ಮರುವರ್ಷ ಈ ಪರವಾನಗಿಯ ಆಶ್ರಯಕ್ಕೆ ಬಂದಿತು. ಕದ್ದ ಪ್ರತಿ ಓಡುತ್ತದೆ, ಆದರೆ ಒಳಗನ್ನು ತೋರಿಸದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ನೆರೆಯ ಕೇರಳವು ೨೦೦೧ರಲ್ಲಿ ಆರಂಭಿಸಿದ ಶಾಲಾ ಗಣಕ ಯೋಜನೆಯನ್ನು ಕ್ರಮೇಣ ಮುಕ್ತ ತಂತ್ರಾಂಶಕ್ಕೇ ತಿರುಗಿಸಿತು. ನಮ್ಮಲ್ಲಿಯೂ ಶಿಕ್ಷಣ ಇಲಾಖೆ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ, ಪ್ರೌಢಶಾಲೆಯ ಅಧ್ಯಾಪಕರನ್ನು ಈ ದಾರಿಯಲ್ಲಿ ತರಬೇತು ಮಾಡಿದ್ದುಂಟು. ಅಂಗಡಿಯವರಿಗೆ ನಾಳೆಯೇ ಬದಲಾಗಿರೆಂದು ನಾನು ಹೇಳಲಾರೆ. ಮೈಸೂರಿನ ಮುದ್ರಣಾಲಯವು ಹಳೆಯ ಕಡತವನ್ನೇ ಕೇಳಿದರೆ ಪಾಪ ಅವರೇನು ಮಾಡಿಯಾರು! ಶಾಲೆಗೆ ಮಾತ್ರ ಈ ನೆಪವಿಲ್ಲ. ಕನ್ನಡ ಬರೆಯಲು, ಲೆಕ್ಕ ಹಾಕಲು, ಚಿತ್ರ ತಿದ್ದಲು ಬೇಕಾದುದೆಲ್ಲ ಮುಕ್ತವಾಗಿ ದೊರೆಯುವಾಗ, ಕಲಿಕೆಯ ಮೊದಲ ಪಾಠವೇ ಕಳ್ಳಪ್ರತಿಯಾಗುವುದು ನನಗೆ ಸಹ್ಯವೆನಿಸುವುದಿಲ್ಲ.

ತಿದ್ದಿದ ಪ್ರತಿಯನ್ನು ಒಪ್ಪಿಸಲು ನಾವಿಬ್ಬರೂ ಹೋದಾಗ ಹುಡುಗ ಕೇಳಿದ: “ಮೇಷ್ಟ್ರೆ, ಇದನ್ನ ಯಾರು ಬೇಕಾದ್ರೂ ಪ್ರತಿ ಮಾಡ್ಕೊಬೌದು ಅಂತ ಹಾಕ್ಲಾ?” ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಪದ ನಂದಾ ಮಗ? ಮಾಡ್ಕೊಳ್ಳಿ ಬಿಡು. ಹಾಡ್ದೋರ ಹೆಸ್ರು ಮಾತ್ರ ಒಂದೂ ಬಿಡಬ್ಯಾಡ” ಎಂದು, ಹೆಸರು ತಪ್ಪಿಹೋಗಿದ್ದ ಮೂರು ಪದಗಳ ಎದುರಿಗೆ ಅವನ್ನು ಹಾಡಿದ್ದ ಹೆಣ್ಣುಮಕ್ಕಳ ಹೆಸರನ್ನೂ ಊರನ್ನೂ ನೆನೆನೆನೆದು ಬರೆಸತೊಡಗಿದರು.