ನಿಲ್ಲಲು ಒಂದಿಷ್ಟು ಜಾಗ

ಗುತ್ತೂರಿನಂಥ ಊರಿನವರು ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಬೇಕು. ಆ ಹುಬ್ಬಳ್ಳಿಯಲ್ಲೇ 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಮಳೆಯಲ್ಲಿ ಇಳಿದು, ರನ್‌ವೇಯಿಂದ ಪಕ್ಕಕ್ಕೆ ಜಾರಿತು. ಚಕ್ರದ ಕಾಲು ಮುರಿದರೂ ಒಳಗಿದ್ದವರೆಲ್ಲ ಉಳಿದರು. ಅದಕ್ಕೂ ಮೊದಲು, 2010ರ ಮೇ 22ರಂದು, ಮಂಗಳೂರಿನ ಬಜ್ಪೆಯಲ್ಲೂ ಒಂದು ವಿಮಾನ ರನ್‌ವೇ ಮೀರಿ ಹೋಗಿತ್ತು. ಅಲ್ಲಿ 166 ಮಂದಿಯಲ್ಲಿ ಉಳಿದವರು 8 ಜನ.

ಆಯುಸ್ಸು ಗಟ್ಟಿಯಿತ್ತು ಅನ್ನುತ್ತೇವೆ. ಇರಲಿ, ಅದರ ಹಿಂದೆ ಒಂದು ಲೆಕ್ಕವೂ ಇದೆ.

ನೆಲ ಮುಟ್ಟುವಾಗ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 250 ಕಿ.ಮೀ. ಅದು ಉಜ್ಜಿಕೊಂಡು 100 ಮೀಟರ್ ಸಾಗಿ ನಿಂತರೆ ಮೈಮೇಲೆ ಬೀಳುವ ಬಲ ನಮ್ಮ ತೂಕದ ಎರಡೂವರೆ ಪಟ್ಟು. ಹತ್ತೇ ಮೀಟರಿನಲ್ಲಿ ನಿಂತರೆ ಇಪ್ಪತ್ತೈದು ಪಟ್ಟು! ಬಣವೆ ಮೇಲೆ ಹಾರಿದ ಹುಡುಗ ನಗುತ್ತ ಏಳುತ್ತಾನೆ, ಕಣದ ಗಟ್ಟಿ ನೆಲಕ್ಕೆ ಹಾರಿದವನು ಕಾಲು ಮುರಿದುಕೊಳ್ಳುತ್ತಾನೆ. ಎತ್ತರ ಒಂದೇ, ನಿಲ್ಲಲು ಸಿಕ್ಕ ಜಾಗ ಬೇರೆ. ಈಚಿನ ವಿಮಾನಗಳ ಸೀಟುಗಳನ್ನು ಮುಂದಕ್ಕೆ ತೂಕದ 16 ಪಟ್ಟು ಬಲ ತಡೆಯುವಂತೆ ಪರೀಕ್ಷಿಸಿಯೇ ಕೂರಿಸುತ್ತಾರೆ. ಬೆಲ್ಟನ್ನು ಹೊಟ್ಟೆಗಲ್ಲ, ಸೊಂಟದ ಮೂಳೆಗೆ ತಾಗುವಂತೆ ಕೆಳಗೆ ಬಿಗಿಯಬೇಕು. ಪೆಟ್ಟು ಬೀಳುವ ಮುನ್ನ ತಲೆ ಬಗ್ಗಿಸಿ, ಪಾದ ಊರಿ ಕೂರುವುದೂ ಸುಮ್ಮನೆ ಅಲ್ಲ: ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರು, ಕಾಲು ಮುರಿದವರು ಎದ್ದು ಬಾಗಿಲಿಗೆ ಹೋಗಲಾರರು.

ಬಜ್ಪೆಯಲ್ಲಿ ಆ ಜಾಗವೇ ಸಾಲಲಿಲ್ಲ. ಗುಡ್ಡದ ನೆತ್ತಿ ಸಮತಟ್ಟಾಗಿಸಿ ಮಾಡಿದ ಸುಮಾರು 2450 ಮೀಟರಿನ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದೇ ಸುಮಾರು 1600 ಮೀಟರ್ ದಾಟಿದ ಮೇಲೆ. ತುದಿಯಲ್ಲಿ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿಯಿತು, ವಿಮಾನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಇಂಥ ಕಡೆ ಕಟ್ಟುವುದೇನಿದ್ದರೂ ತಾಗಿದೊಡನೆ ಮುರಿದು ಬೀಳುವಂತಿರಬೇಕು. ಕಾಂಕ್ರೀಟಿಗೆ ಅಲ್ಲೇನು ಕೆಲಸ? ಬದುಕಿದವರು ಬಾಗಿಲಿನಿಂದ ಬರಲಿಲ್ಲ, ಒಡೆದ ಒಡಲಿನ ಸಂದಿಯಿಂದ ಹೊರಬಿದ್ದರು.

ಪೆಟ್ಟು ತಾಳಿದವರಿಗೆ ಮುಂದಿನ ವೈರಿ ಹೊಗೆ ಮತ್ತು ಬೆಂಕಿ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ತಲುಪುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಇಳಿದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್‌ನಲ್ಲಿದ್ದ 146 ಜನರಲ್ಲಿ 54 ಮಂದಿ ಬದುಕಿದರು. ಸತ್ತವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಬೆಂಕಿ. ಬೆಂಕಿಯ ಭಯಕ್ಕೇ ವಿಮಾನ ತಯಾರಕರು ಅರ್ಧ ಬಾಗಿಲು ಮುಚ್ಚಿದ್ದರೂ ಎಲ್ಲರನ್ನೂ 90 ಸೆಕೆಂಡಿನಲ್ಲಿ ಇಳಿಸಬಹುದೆಂದು ಮೊದಲೇ ತೋರಿಸಿಕೊಡಬೇಕು. ಆ ಪರೀಕ್ಷೆಯಲ್ಲಿ ತಲೆಮೇಲಿನ ಗೂಡಿನಿಂದ ಬ್ಯಾಗು ಎಳೆಯುತ್ತ ನಿಲ್ಲುವವರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಉರಿಯುತ್ತಿತ್ತು. ಎಂಟು ಬಾಗಿಲುಗಳಲ್ಲಿ ಬಳಸಲಾದದ್ದು ಮೂರು. ಒಳಗಿದ್ದ 379 ಮಂದಿಯೂ ಇಳಿದರು, ಬ್ಯಾಗುಗಳು ಒಳಗೇ ಸುಟ್ಟುಹೋದವು.