ಮೊಂಡು ಹಿಡಿದ ಪಂಪು

ಹರಿಹರದ ಬಳಿಯ ಭಾನುವಳ್ಳಿಯ ಸೀಮೆಯು ಭದ್ರಾ ನಾಲೆಯ ಕೊನೆಯ ಭಾಗದಲ್ಲಿದೆ. ನಾಲೆಯ ನೀರು ತಡವಾದಾಗ ಸಸಿಮಡಿಯ ಜೀವವು ಸಣ್ಣದೊಂದು ಪಂಪಿನ ಎಂಜಿನನ್ನು ನಂಬಿರುವುದು. ಅಂತಹ ವೇಳೆಯಲ್ಲಿಯೇ ಅದು, ಹಗ್ಗವನ್ನು ಎಷ್ಟು ಸೆಳೆದರೂ ಚಾಲೂ ಆಗದು. ಆದರೂ ಕೆಮ್ಮುತ್ತ ಕುಂಟುವುದು. ಮೇಸ್ತ್ರಿಗೆ ಹೇಳಿಕಳುಹುವ ಮುನ್ನ ಮನೆಯವರೇ ನೋಡಬಹುದಾದುದು ಬಹಳವಿದೆ.

ಏಳೆಂಟು ಬಾರಿ ಸೆಳೆದು, ಪ್ಲಗ್ಗನ್ನು ಬಿಚ್ಚಿ ನೋಡಿರಿ. ತುದಿಯು ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯನ್ನು ಸಂದೇಹಿಸಬೇಕು. ಮಸಿಯನ್ನೊರೆಸಿ, ಸಂದನ್ನು ಸುಮಾರು 0.7 ಮಿಲಿಮೀಟರಿಗೆ ತಂದು ಕೂಡಿಸಿರಿ. ಒಣಗಿದ್ದರೆ ದೋಷವು ಹೆಚ್ಚಾಗಿ ಕಾರ್ಬ್ಯುರೇಟರಿನದು. ಚೋಕು ಎಳೆದಿದ್ದಾಗ ಮಾತ್ರ ಓಡುವ ಎಂಜಿನಿನ ರೋಗವೂ ಇದೇ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ, ಜೆಟ್ಟಿನ ಸೂಕ್ಷ್ಮ ರಂಧ್ರವನ್ನು ಮುಚ್ಚಿರುವುದು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು ತೇವವನ್ನೂ ಹೀರುವುದು. ಒಲೆ, ಬೀಡಿಗಳಿಂದ ದೂರದಲ್ಲಿಟ್ಟು, ಬಟ್ಟಲನ್ನು ಬಿಚ್ಚಿ ತೊಳೆದು, ರಂಧ್ರವನ್ನು ಊದಿ ತೆರೆಯಬೇಕು. ಸೂಜಿಯಿಂದ ಚುಚ್ಚಿ ಅಗಲಮಾಡಬಾರದು.

ಸೀಮೆಎಣ್ಣೆಯ ಪಂಪು ಇನ್ನೂ ಉಳ್ಳವರಿಗೆ ಮತ್ತೊಂದು ಮಾತು. ತಣ್ಣಗಿರುವ ಎಂಜಿನಿನಲ್ಲಿ ಸೀಮೆಎಣ್ಣೆಯು ಸಾಕಷ್ಟು ಆವಿಯಾಗದು. ಪೆಟ್ರೋಲಿನಿಂದ ಹೊರಡಿಸಿ, ಬಿಸಿಯಾದ ಮೇಲೆಯೇ ಬದಲಿಸತಕ್ಕದ್ದು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ತುಸು ಹೊತ್ತು ಓಡಿಸಬೇಕು. ನಾವೂ ಒಮ್ಮೆ ತೋಳು ಸೋಲುವವರೆಗೆ ಸೆಳೆದು, ಎಂಜಿನನ್ನು ಬೈದು, ಹಿಂದಿನ ಸಂಜೆ ಮಳೆಗೆ ಹೆದರಿ ಆತುರದಿಂದ ನಿಲ್ಲಿಸಿದುದು ನೆನಪಾಗಿ ಸುಮ್ಮನಾದೆವು. ಬಟ್ಟಲಿನ ಸೀಮೆಎಣ್ಣೆಯನ್ನು ಬಸಿದು ಪೆಟ್ರೋಲು ಬಿಟ್ಟ ಮೇಲೆ ಮೂರನೆಯ ಸೆಳೆತಕ್ಕೆ ನೀರು ಬಂದಿತು.