ಲೆಕ್ಕದಲ್ಲಿ ಮಾತ್ರ ವಾಪಸ್ ಹೋಗುವ ಕಾವೇರಿ

2024ರ ಮಾರ್ಚ್. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನ ಬೋರ್‌ವೆಲ್ ಬತ್ತಿ, ದಿನಕ್ಕೆ ಎರಡು ಹೊತ್ತು ಮಾತ್ರ ನೀರು ಬರ್ತಿತ್ತು. ಗೋಳು ಹೇಳಿಕೊಳ್ಳೋಣ ಅಂತ ಮಂಡ್ಯದ ಹಳ್ಳಿಯಲ್ಲಿರೋ ಅಪ್ಪನಿಗೆ ಫೋನ್ ಮಾಡಿದೆ. "ನಿಮಗೆ ಎರಡ್ ಹೊತ್ತಾದ್ರೂ ಬತ್ತೈತಲ್ಲ ಕಣ್ಲಾ. ಇಲ್ಲಿ ನಾಲೇಲಿ ನೀರೇ ಇಲ್ಲ" ಅಂದ್ರು. ಆ ಬೇಸಿಗೆ ನಮ್ಮ ಗದ್ದೆ ಖಾಲಿ ಬಿತ್ತು. ನನ್ನ ನಲ್ಲಿಗೂ ಅಪ್ಪನ ಗದ್ದೆಗೂ ನದಿ ಒಂದೇ ಅಂತ ಗೊತ್ತಿತ್ತು, ಆದರೆ ಅಂದು ಅದು ನಿಜಕ್ಕೂ ಚುಚ್ಚಿತು.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕೋಕೆ ಕೂತೆ. ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕರ್ನಾಟಕದ ಪಾಲು 284.75 ಟಿಎಂಸಿ. ಅದರಲ್ಲಿ ಸಿಂಹಪಾಲು ವ್ಯವಸಾಯಕ್ಕೆ. ಒಂದು ಕಿಲೋ ಅಕ್ಕಿ ಬೆಳೆಯೋಕೆ ಸುಮಾರು 2,500 ಲೀಟರ್ ಬೇಕು ಅನ್ನೋದು ನೆನಪಿಟ್ಟರೆ ಇದು ಆಶ್ಚರ್ಯವಲ್ಲ. ಇತ್ತ ಬೆಂಗಳೂರಿಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಪಂಪ್ ಮಾಡಿ ನೀರು ಏರಿಸ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ಯೋಜನೆಯ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಪೂರ್ತಿ ಬಳಸಿದರೆ ವರ್ಷಕ್ಕೆ 28 ಟಿಎಂಸಿಗೂ ಹೆಚ್ಚು, ಅಂದರೆ ತುಂಬಿದ ಕೆಆರ್‌ಎಸ್‌ನ ಅರ್ಧಕ್ಕಿಂತ ಜಾಸ್ತಿ!

ಹಾಗಾದರೆ ಊರು ನದಿಯನ್ನ ಕುಡಿದು ಮುಗಿಸ್ತಿದೆಯಾ? ಇಲ್ಲೇ ಸ್ವಾರಸ್ಯ ಇರೋದು. 2007ರಲ್ಲಿ ಐತೀರ್ಪು ಕೊಟ್ಟ ಕಾವೇರಿ ನ್ಯಾಯಮಂಡಳಿ, ಕುಡಿಯುವ ನೀರಿನಲ್ಲಿ ನಿಜವಾಗಿ ಖರ್ಚಾಗೋದು 20 ಶೇಕಡಾ, ಕೈಗಾರಿಕೆಯಲ್ಲಿ 2.5 ಶೇಕಡಾ ಮಾತ್ರ ಅಂತ ಲೆಕ್ಕ ಹಿಡಿಯಿತು. ಉಳಿದದ್ದು ವಾಪಸ್ ಬರುತ್ತೆ ಅನ್ನೋ ನಂಬಿಕೆ. ಗದ್ದೆ ನೀರು ಆವಿಯಾಗಿ ಹೋಗುತ್ತೆ, ಆದರೆ ಸ್ನಾನದ ನೀರು ಚರಂಡಿಯಲ್ಲಿ ಇದ್ದೇ ಇರುತ್ತೆ.

ಆದರೆ ವಾಪಸ್ ಬರೋದು ಎಂಥ ನೀರು? ಊರಿನ ಪಶ್ಚಿಮ ಭಾಗದ ಕೊಳಚೆ, ಕಾರ್ಖಾನೆಗಳ ರಾಸಾಯನಿಕ ಎಲ್ಲ ಹೊತ್ತ ವೃಷಭಾವತಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರುತ್ತೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ಲೀಟರ್ ಲೆಕ್ಕ ಸರಿ ಇದ್ದರೂ ಆ ನೀರು ದಾರಿಯುದ್ದಕ್ಕೂ ರೈತರಿಗೆ ವಿಷ. ಪೂರ್ವ ಭಾಗದ ನೀರಂತೂ ಕಾವೇರಿಗೇ ಬರಲ್ಲ, ದಕ್ಷಿಣ ಪಿನಾಕಿನಿ ಕಡೆ ಹೋಗುತ್ತೆ. ಅದರಲ್ಲಿ ಒಂದಷ್ಟನ್ನ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸ್ತಿದ್ದಾರೆ. ಶುದ್ಧತೆ ಬಗ್ಗೆ ತಕರಾರು ಇದೆ, ಆದರೆ ಬಳಸಿದ ನೀರಿಗೂ ಬೆಲೆ ಇದೆ ಅನ್ನೋದಕ್ಕೆ ಅದೇ ಸಾಕ್ಷಿ.

ರೈತರೂ ಬದಲಾಗಬೇಕು, ಸರಿ. ಅಪ್ಪ ಕಟ್ಟು ನೀರಿಗೆ ಹೊಂದಿಕೊಂಡು ಈಗ ಒಂದು ಎಕರೆಗೆ ರಾಗಿ ಹಾಕ್ತಿದ್ದಾರೆ. ಹಾಗಿದ್ದಾಗ ನಾವು?

ನಮ್ಮ ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ, ಕರೆಂಟ್ ಬಿಲ್ ಉಳಿಸೋಕೆ ಅಂತ ಎಷ್ಟೋ ತಿಂಗಳು ಆಫ್ ಆಗಿತ್ತು. ಮೀಟಿಂಗ್‌ನಲ್ಲಿ ನಾನೇ ಎದ್ದು ಕೇಳಿದೆ. ಮೇಂಟೆನೆನ್ಸ್ ಜಾಸ್ತಿಯಾಗುತ್ತೆ ಅಂತ ಜಗಳವಾಯ್ತು, ಕೊನೆಗೆ ರಿಪೇರಿ ಆಯ್ತು. ಈಗ ಫ್ಲಶ್‌ಗೆ, ಗಿಡಗಳಿಗೆ ಅದೇ ನೀರು.

ವಿಷಯ ಅಪ್ಪನಿಗೆ ಹೇಳಿದೆ. "ಕುಡಿಯೋ ನೀರ್‌ಗೆ ಯಾರ್ ಬ್ಯಾಡ ಅಂತಾರ‍್ಲಾ? ಗಲೀಜ್ ಮಾಡಿ ಬಿಡಬ್ಯಾಡಿ ಅಷ್ಟೆ" ಅಂದ್ರು.

ನಿಮ್ಮ ಕಟ್ಟಡದ ಎಸ್‌ಟಿಪಿ ಓಡ್ತಿದೆಯಾ? ಇವತ್ತು ಒಮ್ಮೆ ಕೆಳಗಿಳಿದು ನೋಡಿ ಬನ್ನಿ.